ಎರಡು ಸಲ ಎದೆ ತಟ್ಟಿಕೊಂಡದ್ದು

ತಿರ್ಲಾಪುರ, ಸೋಮವಾರ
೨೨ ಡಿಸೆಂಬರ್ ೧೯೮೬

ಮನೆಯವರಿಗೆ ಮಲ್ಲಕ್ಕ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಈ ಚಳಿಯಲ್ಲಿ ಗುಂತಕಲ್ಲಿನ ರೈಲು ಹಳಿಯ ಕೆಲಸ ನೆನೆದರೆ ನನ್ನ ಜೀವ ಹಾರುತ್ತದೆ. ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀರೋ ಇಲ್ಲವೋ. ಅತ್ತೆಯವರು ಅರಾಮ ಇದ್ದಾರೆ, ಎರಡು ರೊಟ್ಟಿ ಉಣ್ಣುತ್ತಾರೆ, ಮೂರನೆಯದು ಹಾಕಹೋದರೆ ಬೈಯುತ್ತಾರೆ. ನಿಮ್ಮನ್ನು ಕೇಳದೆ ನಾನೊಂದು ಕೆಲಸ ಮಾಡಿದ್ದೇನೆ. ಅದು ಹೇಗಾಯಿತೆಂದು ಮೊದಲು ಓದಿರಿ, ಆಮೇಲೆ ಸಿಟ್ಟಾಗಿರಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳ ಬರಹ, ಸುಧಾರಿಸಿಕೊಳ್ಳಿರಿ.

ಹೋದ ವಾರ ಗೌಡರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆವು. ಸಂಜೆ ರಾಶಿ ಸಣ್ಣದು ಕಾಣುತ್ತದೆಂದು ಗೌಡರ ಕಾರಭಾರಿ ಹೊಳೆಪ್ಪ ಗದ್ದಲ ಎಬ್ಬಿಸಿದ. ಇಪ್ಪತ್ತು ಹೆಂಗಸರಲ್ಲಿ ನೆಟ್ಟಗೆ ಕೇರಿಯ ದುರಗವ್ವನ ಮುಂದೆ ನಿಂತು, "ಉಡಿ ಬಿಚ್ಚಬೇ, ನೋಡೂಣು" ಎಂದ. ಆಕೆ ಸೆರಗು ಗಟ್ಟಿ ಹಿಡಿದು ಹಿಂದೆ ಸರಿದಳು. ನನಗೂ ಅಂಜಿಕೆಯಿತ್ತು, ಸುಳ್ಳೇಕೆ ಹೇಳಲಿ. ಆಗ ಅತ್ತೆಯವರ ನೆನಪಾಯಿತು. ನೀವು ಚಿಕ್ಕವರಿದ್ದಾಗ ನಾಯಿಗೆ ಕಲ್ಲೆತ್ತಿದರೆ ಅವರು ತಮ್ಮ ಎದೆ ಎರಡು ಸಲ ತಟ್ಟಿಕೊಂಡು "ನಿನಗ ಆದ್ರ?" ಎನ್ನುತ್ತಿದ್ದರಲ್ಲ. ಈಗ ಆ ಮಾತೂ ಹೋಗಿ ಬರೀ ತಟ್ಟುವುದು ಉಳಿದಿದೆ. ನಮ್ಮ ಮಕ್ಕಳಿಗೆ ಅಷ್ಟೇ ಸಾಕು, ಕಲ್ಲು ಕೆಳಗೆ ಬೀಳುತ್ತದೆ.

ನಾನೂ ಎದೆ ತಟ್ಟಿಕೊಂಡೆ. "ಮೊದಲ ನಂದು ನೋಡ್ರಿ ಹೊಳೆಪ್ಪಣ್ಣ. ಆಮ್ಯಾಲ ನಿಮ್ಮ ಹೆಂಡತೀದು, ಆಕೀನೂ ಇಲ್ಲೇ ನಿಂತಾಳ" ಎಂದು ಉಡಿ ಬಿಚ್ಚಿ ಝಾಡಿಸಿದೆ. ಒಣ ಎಲೆ ಎರಡು ಬಿದ್ದವು. ಹಿಂದಿನಿಂದ ಹಲೀಮಾಬಿ, "ನನ್ನ ಉಡ್ಯಾಗ ಎಲಿಅಡಕಿ ಐತಿ, ಹಾಕ್ಕೊಂಡ ಹೋಗೋ!" ಎಂದಳು. ಎಲ್ಲರೂ ನಕ್ಕು ಒಬ್ಬೊಬ್ಬರೇ ಝಾಡಿಸಿದರು, ಹೊಳೆಪ್ಪನ ಹೆಂಡತಿಯೂ. ಯಾರಲ್ಲೂ ಹತ್ತಿಯಿಲ್ಲ. ಕಡೆಗೆ ದುರಗವ್ವ ತಾನಾಗಿಯೇ ಬಿಚ್ಚಿದಳು, ಅರ್ಧ ರೊಟ್ಟಿ ಬಿತ್ತು. ಹೊಳೆಪ್ಪ ತಲೆ ತಗ್ಗಿಸಿ, "ತಪ್ಪಾತು ಯವ್ವಾ" ಎಂದು ಅದನ್ನು ಎತ್ತಿ ಅವಳ ಕೈಗೆ ಕೊಟ್ಟ.

ದಾರಿಯಲ್ಲಿ ಹಲೀಮಾಬಿ ಹೇಳಿದಳು: "ನಾವು ಯಾರಿಗರ ನೋಯಿಸಿದ್ರ ನಮ್ಮ ನಾನಿ ಕಿವಿ ಹಿಂಡತಿದ್ಲು. ನಮ್ಮ ಕಿವಿ ಅಲ್ಲ ಯವ್ವಾ, ತನ್ನ ಕಿವಿನ!" ಬೌದ್ಧ ಧರ್ಮಕ್ಕೆ ಸೇರಿದ್ದ ದುರಗವ್ವನ ಅಪ್ಪ, ಮಕ್ಕಳು ಯಾರನ್ನಾದರೂ ನೋಯಿಸಿದರೆ, ಬೆರಳನ್ನು ತನ್ನ ಕಡೆಗೇ ತಿರುಗಿಸಿ ತೋರಿಸುತ್ತಿದ್ದನಂತೆ. ಮೂವರಿಗೂ ಕಲಿಸಿದ್ದು ಒಂದೇ ಎಂದು ನಗುತ್ತಾ ಬಂದೆವು. ಅತ್ತೆಯವರಿಗೆ ಹೇಳಿದರೆ, "ಹಂಗಾರ ನಂದೇನ ಹೊಸಾದಲ್ಲ ಬಿಡು" ಎಂದು ಮುಖ ಸಣ್ಣ ಮಾಡಿದರು. ನನಗಂತೂ ಈ ಮನೆಯ ಸೊಸೆಯೆಂದು ಎದೆ ತುಂಬಿ ಬಂತು.

ಮಕ್ಕಳು ನಿಮ್ಮ ಕಾಲಿಗೆ ಬಿದ್ದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಮಲ್ಲಕ್ಕ

ತಾ.ಕ.: ಮಂಡಲ ಪಂಚಾಯತಿಯ ಹೆಣ್ಣುಮಕ್ಕಳ ಜಾಗಕ್ಕೆ ಹತ್ತಿ ಬಿಡಿಸುವ ಆ ಹೆಂಗಸರೆಲ್ಲ ಸೇರಿ ನನ್ನನ್ನು ನಿಲ್ಲಿಸಿದ್ದಾರೆ. ಅರ್ಜಿ ಕೊಟ್ಟಾಗಿದೆ. ಹೆಬ್ಬೆಟ್ಟಲ್ಲ, ಸಹಿಯೇ ಮಾಡಿದೆ. ಹೆಸರು ಹಿಂದೆ ತೆಗೆದುಕೊಳ್ಳಲು ಬುಧವಾರ ಕಡೆಯ ದಿನ. ಈ ಪತ್ರ ನಿಮಗೆ ಶುಕ್ರವಾರ ಮುಟ್ಟುತ್ತದೆ. ಅದು ಗೊತ್ತಿದ್ದೇ ಇವತ್ತು ಟಪಾಲಿಗೆ ಹಾಕುತ್ತಿದ್ದೇನೆ. ಬೈಯುವುದಿದ್ದರೆ ರಜೆ ಹಾಕಿ ಬಂದು ಬೈಯಿರಿ. ಓಟು ಹಾಕಿ ಹೋಗಿರಿ.