ಮಾತೆ ಮೇರಿಯ ನಡುಕಟ್ಟು

ಹಾಲೋತ್ವೇಟ್ ಮಠ, ಯಾರ್ಕ್‌ಷೈರ್
ಸಂತ ಬಾರ್ತಲೋಮನ ಹಬ್ಬದ ಮರುದಿನ, 1536

ಮುದ್ದಿನ ತಂಗಿ ಏವಿಸ್‌ಗೆ ಅಕ್ಕ ಎಮಟ್ ಮಾಡುವ ಆಶೀರ್ವಾದ.

ಈ ಚೀಸ್ ಗಡ್ಡೆಯನ್ನು ಯಾರ ಎದುರಿಗೂ ಕೊಯ್ಯಬೇಡ. ಒಳಗಿರುವುದು ನಿನ್ನ ಹೆರಿಗೆಗೆ ಬೇಕಾದದ್ದು. ಸಿಕ್ಕಿಬಿದ್ದರೆ ನನ್ನ ಕುತ್ತಿಗೆಗೆ ಹಗ್ಗ. ಅದೋ ಮೊದಲೇ ಗಿಡ್ಡ ಕುತ್ತಿಗೆ.

ರಾಜನ ಕಡೆಯವರು ಚಿಕ್ಕ ಮಠಗಳನ್ನೆಲ್ಲ ಮುಚ್ಚಿಸುತ್ತಿರುವುದು ನಿನಗೆ ಗೊತ್ತು. ನಮ್ಮದು ಚಿಕ್ಕದರಲ್ಲೇ ಚಿಕ್ಕದು: ಬೆರಳೆಣಿಕೆಯ ಸನ್ಯಾಸಿನಿಯರು, ಒಂದು ಕತ್ತೆ, ಸೋರುವ ಮಾಡು. ಹಿಂದೆ ಯಾವನೋ ಸರದಾರನ ಹೆಂಡತಿ, ಮಾತೆ ಮೇರಿ ಸೊಂಟಕ್ಕೆ ಸುತ್ತಿದ್ದಳೆನ್ನುವ ನಡುಕಟ್ಟು ಕಟ್ಟಿಕೊಂಡು ಹೆತ್ತು ಬದುಕಿದಳಂತೆ. ಆ ನಡುಕಟ್ಟಿಗೊಂದು ಮನೆಯಾಗಲೆಂದು ಅವನು ಈ ಮಠ ಕಟ್ಟಿಸಿದ. ಅಂದಿನಿಂದ ಸುತ್ತಲಿನ ಬಸುರಿಯರೆಲ್ಲ ಅದನ್ನು ಒಯ್ದು, ಹೆತ್ತು, ಮರಳಿಸಿದ್ದಾರೆ. ಅಮ್ಮ ನಿನ್ನನ್ನು ಹೆತ್ತದ್ದೂ ಹಾಗೆಯೇ. ಹೊಟ್ಟೆಯಲ್ಲೇ ನೀನು ಅಡ್ಡ ಮಲಗಿದ್ದೆ. ಸ್ವಭಾವ ಈಗಲೂ ಅದೇ. ಆದರೆ ನಿನ್ನ ಮಗುವೂ ಅಡ್ಡ ಮಲಗಿದೆಯೆಂದು ಸೂಲಗಿತ್ತಿ ಹೇಳಿ ಕಳಿಸಿದಾಗಿನಿಂದ ನನಗೆ ನಿದ್ದೆಯಿಲ್ಲ.

ನಿನ್ನೆ ರಾಜನ ಅಧಿಕಾರಿ ಬಂದ. ಬೆಳ್ಳಿ ಬಟ್ಟಲು ಕಟ್ಟಿಕೊಂಡ, ಗಂಟೆ ಇಳಿಸಿದ, ನಡುಕಟ್ಟು ತೋರಿಸಿ ಎಂದ. ಅದು ಆಗ ನನ್ನ ನಿಲುವಂಗಿಯೊಳಗೆ, ನನ್ನ ಸೊಂಟದಲ್ಲೇ ಇತ್ತು. ಪೆಟ್ಟಿಗೆಯಲ್ಲಿ ನಾನಿಟ್ಟದ್ದು ಕತ್ತೆಯ ಹೊಟ್ಟೆಪಟ್ಟಿ. ಮಠದ ದೊಡ್ಡಮ್ಮನವರಿಗೆ ಇದನ್ನು ತಿಳಿಸಿರಲಿಲ್ಲ. ಅವರು ಭಕ್ತಿಯಿಂದ ಬೀಗ ತೆರೆದರು. ಆತ ಎತ್ತಿ ಮೂಸಿದ.

“ಇದೇನಮ್ಮ, ಕತ್ತೆ ವಾಸ್ನೆ ಬರ್ತಿದೆ?”

ದೊಡ್ಡಮ್ಮನವರು ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

“ಬರ್ದೆ ಇರುತ್ತಾ ಸ್ವಾಮಿ? ಮೇರಿ ತಾಯಿ ಈಜಿಪ್ಟಿಗೆ ಹೋಗಿದ್ದೇ ಕತ್ತೆ ಮೇಲೆ.”

ಆತ ಅದನ್ನು ರೇಷ್ಮೆಯಲ್ಲಿ ಸುತ್ತಿಕೊಂಡು ಹೋದ. ದೊಡ್ಡಮ್ಮನವರು ಕತ್ತೆಗೆ ಒಂದು ಹಿಡಿ ಹುಲ್ಲು ಹೆಚ್ಚು ಹಾಕಿಸಿದರು. ಆಗಿನಿಂದ ಹೊರಗೆ ಗೊರಸಿನ ಸದ್ದಾದರೆ ಸಾಕು, ಹೋಗಿ ಕಿಟಕಿಯಿಂದ ಇಣುಕುತ್ತೇನೆ.

ಬದುಕಿ ಉಳಿ, ತಂಗಿ. ಉಳಿದದ್ದೆಲ್ಲ ಆಮೇಲೆ.

ನಿನ್ನ ಅಕ್ಕ,
ಎಮಟ್

ಮತ್ತೆ: ನಡುಕಟ್ಟು ಗಿಡ್ಡವಾಯಿತೆಂದು ಗಾಬರಿಯಾಗಬೇಡ. ಮೇಲಿನ ಸಾಲು ಬರೆಯುತ್ತಿದ್ದಂತೆಯೇ ಆ ಅಧಿಕಾರಿ ಒಬ್ಬನೇ ಅಡುಗೆಮನೆಯ ಬಾಗಿಲಿಗೆ ಬಂದ. ನನ್ನ ಕಥೆ ಮುಗಿಯಿತೆಂದುಕೊಂಡೆ. ಆದರೆ ಬೇಡುವವನಂತೆ ಅವನ ಟೋಪಿ ಕೈಯಲ್ಲಿತ್ತು. ಪೇಟೆಯಲ್ಲಿ ಅವನ ಹೆಂಡತಿಗೆ ನೋವು ಶುರುವಾಗಿದೆಯಂತೆ. “ಅಮ್ಮಾ, ನಾನು ಒಯ್ದಿದ್ದು ನಿಜವಾದ್ದೇ ತಾನೆ?” ಎಂದ. ಹೌದೆಂದಿದ್ದರೆ ನಾನು ಕ್ಷೇಮ. ಅಲ್ಲ ಎಂದೆ. ನಡುಕಟ್ಟು ಹೊರತೆಗೆದು, ಕತ್ತರಿ ತಂದು ಎರಡು ತುಂಡು ಮಾಡಿ ಒಂದನ್ನು ಅವನಿಗೆ ಕೊಟ್ಟೆ. ಗಂಟಿಗೆ ಸಾಲದಿದ್ದರೆ ಬೇರೇನಾದರೂ ಜೋಡಿಸಿಕೋ. ಆತ ತನ್ನ ಸೊಂಟಪಟ್ಟಿಯನ್ನೇ ಬಿಚ್ಚಿ ಜೋಡಿಸಿದ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಚಲ್ಲಣ ಹಿಡಿದುಕೊಂಡು ಹೋದ.