ಮಾವನವರ ರೇಜರು

ಬಾಡ, ಕುಮಟಾ ತಾಲೂಕು
ಗುರುವಾರ, ೧೪ ಡಿಸೆಂಬರ್ ೧೯೬೧

ನಮ್ಮನೆಯವರಿಗೆ,

ವಸಂತಿಯ ನಮಸ್ಕಾರ. ಹೆಸರು ಹಿಡಿದು ಬರೆಯುವಂತಿಲ್ಲ, ಬೇರೆ ಏನಾದರೂ ಬರೆದರೆ ನಿಮ್ಮ ರೂಮಿನ ಗೆಳೆಯರು ಓದಿ ನಗುತ್ತಾರೆ, ಹಾಗಾಗಿ ಇಷ್ಟರಲ್ಲೇ ತೃಪ್ತಿಪಟ್ಟುಕೊಳ್ಳಿ. ಕೆಮ್ಮು ಹೇಗಿದೆ? ಧಾರವಾಡದ ಚಳಿಗೆಂದು ಕೊಟ್ಟ ಕಂಬಳಿ ಹೊದೆಯುತ್ತೀರೋ, ಟ್ರಂಕಿನಲ್ಲಿ ಮಲಗಿಸಿದ್ದೀರೋ? ಎಲ್ಲಕ್ಕಿಂತ ಮೊದಲು, ಕೆನ್ನೆಯ ಗಾಯ ಒಣಗಿತೇ? ಇಲ್ಲಿ ಅತ್ತೆ ಆರಾಮಾಗಿದ್ದಾರೆ. ನಾನೂ ಆರಾಮು, ಬೆಳಿಗ್ಗೆ ಸ್ವಲ್ಪ ತಲೆ ಸುತ್ತುತ್ತದೆ ಅಷ್ಟೆ.

ನಿಮ್ಮ ಹಿಂದಿನ ಕಾಗದ ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೆಳೆಯನ ರೇಜರಿನಲ್ಲಿ ಅವಸರದಿಂದ ಗಡ್ಡ ಕೆರೆದುಕೊಂಡು, ಪಾಠ ಹೇಳುವಾಗ ಕೆನ್ನೆಯಿಂದ ರಕ್ತ ಇಳಿದು, ಮಕ್ಕಳೆಲ್ಲ ಗೊಳ್ಳೆಂದು ನಕ್ಕು, ನೀವು ಕಾವೇರಿಯ ಉಪನದಿಗಳನ್ನೇ ಮರೆತು ನಿಂತಿರಂತೆ! ಬರುವ ಸೋಮವಾರದ ಪಾಠವೂ ಕೆಟ್ಟರೆ ಇನ್ನೊಂದು ವರ್ಷ ಟ್ರೇನಿಂಗ್ ಕಾಲೇಜಿನಲ್ಲೇ ಕೂರಬೇಕೆಂದು ಬರೆದಿದ್ದೀರಿ. ಇನ್ನೊಂದು ವರ್ಷ ನಾನು ಇಲ್ಲಿ, ನೀವು ಅಲ್ಲಿ. ನನಗೆ ಅದು ಬೇಡವೇ ಬೇಡ, ಸ್ಪಷ್ಟವಾಗಿ ಹೇಳಿಬಿಟ್ಟೆ. ಅದಕ್ಕೇ ದೀಪಾವಳಿಗೆ ಬಂದಾಗ ನೀವು "ಇದರ ಕತೆ ಮುಗಿತು" ಎಂದು ಕಸದ ಗುಂಡಿಗೆ ಎಸೆದ ಮಾವನವರ ರೇಜರನ್ನು ಹೊರಗೆ ತೆಗೆದೆ. ಹೌದು, ಅವತ್ತೇ ಹೆಕ್ಕಿ ತಂದು ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದೆ. ನೀವು ಎಸೆದದ್ದನ್ನು ನೋಡಿದ ಅತ್ತೆ ಅವತ್ತು ಊಟ ಮಾಡಿರಲಿಲ್ಲ, ನಿಮಗೆ ಅದು ಗೊತ್ತೇ ಇಲ್ಲ.

ನಮ್ಮ ಬಾವಿಯ ನೀರು ನಿಮಗೆ ಗೊತ್ತಲ್ಲ, ಸಾಬೂನು ತಿಕ್ಕಿ ತಿಕ್ಕಿ ಕೈ ಸೋಲಬೇಕೇ ಹೊರತು ನೊರೆ ಬರುವುದಿಲ್ಲ. ಬಚ್ಚಲಿನ ಹಂಡೆಯ ಒಳಗೆ ಕಟ್ಟುವ ಬಿಳಿಯ ಹಕ್ಕಳೆಯೇ ರೇಜರಿನ ಹಲ್ಲುಗಳ ಸಂದಿನಲ್ಲಿ ಸಾಬೂನಿನ ಜೊತೆ ಸೇರಿ ಗಟ್ಟಿಯಾಗಿತ್ತು. ಬ್ಲೇಡು ಒಂದು ಕಡೆ ಎತ್ತಿಕೊಂಡು ಕೂರುತ್ತಿದ್ದುದು ಅದಕ್ಕೇ. ನಾನು ಜಾಣೆಯಂತೆ ಹುಣಸೆಹುಳಿ, ಬೂದಿ ತಂದು ದೀಪದ ಕಂಬ ತಿಕ್ಕುವ ಹಾಗೆ ಹಿಡಿಯನ್ನು ಉಜ್ಜತೊಡಗಿದೆ. ಬೆಳ್ಳಗೆ ಹೊಳೆಯುತ್ತಿದ್ದ ಹಿಡಿಯ ತುದಿಯಲ್ಲಿ ಉಗುರಿನಷ್ಟು ಜಾಗ ಹಳದಿಯಾಯಿತು! ಕೊಳೆ ಹೋಯಿತೆಂದು ನಾನು ಹಿಗ್ಗುತ್ತಿದ್ದರೆ ಅತ್ತೆ ಒಳಗಿನಿಂದ ಓಡಿ ಬಂದರು. "ಅಯ್ಯೋ ಕೂಸೇ, ಅದು ದೀಪದ ಕಂಬ ಅಲ್ಲ, ತಿಕ್ಕಡ ತಿಕ್ಕಡ! ಮೇಲಿನ ಲೇಪ ಹೋಗ್ತು!" ಒಳಗಿನದು ಬರೀ ಹಿತ್ತಾಳೆಯಂತೆ. ಕೆಡಿಸಿದೆನಲ್ಲಾ ಎಂದು ಕಣ್ಣಲ್ಲಿ ನೀರು ತುಂಬಿತು.

ಅತ್ತೆ ಬಯ್ಯಲಿಲ್ಲ. ನನ್ನ ಕೈಯಿಂದ ರೇಜರನ್ನು ತೆಗೆದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಮಾವನವರು ಹೋದಮೇಲೆ ಅವರ ಸುದ್ದಿ ಎತ್ತದ ಅತ್ತೆ ಮೊನ್ನೆ ನಗುನಗುತ್ತಾ ಹೇಳಿದ್ದೇನು ಗೊತ್ತೇ? ಒಮ್ಮೆ ಮಾವನವರು ತಿಂಗಳುಗಟ್ಟಲೆ ಗಡ್ಡ ಬಿಟ್ಟಿದ್ದರಂತೆ. ತೊಳೆಯದೆ ಎತ್ತಿಟ್ಟ ರೇಜರಿನ ತಿರುಪು ಆಮೇಲೆ ಬಿಚ್ಚಲೇ ಇಲ್ಲವಂತೆ. ಆಗ ಅವರೇ ಉಪಾಯ ಹುಡುಕಿದರಂತೆ. ಅಷ್ಟು ದಿನ ಯಾಕೆ ಗಡ್ಡ ಬಿಟ್ಟಿದ್ದರು ಎಂದು ಕೇಳಿದರೆ "ಆಮೇಲೆ ಹೇಳ್ತೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆ ಉಪಾಯ ನಿಮಗೂ ತಿಳಿದಿರಲಿ. ಮೊದಲು ಬ್ಲೇಡು ತೆಗೆದು ದಪ್ಪ ಕಾಗದದಲ್ಲಿ ಸುತ್ತಿ ದೂರ ಇಡುವುದು. ರೇಜರಿನ ಮೂರೂ ಭಾಗ ಬಿಚ್ಚಿ, ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಸಾಬೂನು ಕರಗಿಸಿ ನೆನೆಹಾಕುವುದು. ಕುದಿಯುವ ನೀರು ಕೂಡದು. ಆಮೇಲೆ ಹಳೆಯ ಹಲ್ಲಿನ ಬ್ರಶ್ಶಿನಿಂದ ಹಗುರವಾಗಿ ಉಜ್ಜಿದರೆ ಸಾಬೂನಿನ ಜಿಡ್ಡೆಲ್ಲ ಬಿಡುತ್ತದೆ. ಆಗಲೂ ಬಿಡದ ಬಿಳಿಯ ಹಕ್ಕಳೆಗೆ ನೀರು ಬೆರೆಸಿದ ಲಿಂಬೆರಸ, ಅದೂ ಹಾಲು ಕಾಯುವಷ್ಟು ಹೊತ್ತು ಮಾತ್ರ. ಹುಳಿಯಲ್ಲೇ ಬಿಟ್ಟರೆ ಲೇಪ ಕಪ್ಪಾಗುತ್ತದೆ. ಚೆನ್ನಾಗಿ ತೊಳೆದು, ಒರೆಸಿ, ತಿರುಪಿಗೆ ಒಂದು ಹನಿ ಕೊಬ್ಬರಿ ಎಣ್ಣೆ. ಹಕ್ಕಳೆ ಚೂರು ಚೂರಾಗಿ ಕಳಚಿ ಬಂದಾಗ ನಾನು ಅಂಗಳದಲ್ಲಿ ಕುಣಿದೇಬಿಟ್ಟೆ! ಹಲ್ಲುಗಳ ಸಂದಿನಿಂದ ಬೆಳಕು ಕಾಣುತ್ತದೆ ಈಗ. ಹಿಂಡಿ ಉಳಿದ ಲಿಂಬೆಹೋಳುಗಳನ್ನು ಎಸೆಯಲು ಮನಸ್ಸಾಗದೆ ಉಪ್ಪು ಹಚ್ಚಿ ನಾನೇ ತಿಂದು ಮುಗಿಸಿದೆ. ಸಿಪ್ಪೆಯನ್ನೂ ಬಿಡಲಿಲ್ಲ. ಅತ್ತೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು.

ಹೊನ್ನಾವರದ ತ್ರ್ಯಂಬಕಣ್ಣ ಇವತ್ತು ಮಧ್ಯಾಹ್ನದ ಬಸ್ಸಿಗೆ ಧಾರವಾಡಕ್ಕೆ ಹೊರಟಿದ್ದಾರೆ. ಹಪ್ಪಳ, ಉಪ್ಪಿನಕಾಯಿಯ ಜೊತೆ ರೇಜರನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹಿಡಿಯ ತುದಿಯ ಹಳದಿ ಕಂಡರೆ ಬಯ್ಯಬೇಡಿ, ಅದು ನನ್ನ ಗುರುತು ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಅವಸರ ಮಾಡದೆ ಕ್ಷೌರ ಮುಗಿಸಿ, ನಿಮ್ಮ ಅಪ್ಪಯ್ಯನನ್ನು ನೆನೆದು ಪಾಠಕ್ಕೆ ನಿಲ್ಲಿ. ಕಾವೇರಿಯ ಉಪನದಿಗಳು ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಅತ್ತೆಯ ಆಶೀರ್ವಾದಗಳು ಇದರ ಜೊತೆಗೇ ಇವೆ.

ನಿಮ್ಮ ದಾರಿ ಕಾಯುವ,
ವಸಂತಿ

ತಾ.ಕ.: ತ್ರ್ಯಂಬಕಣ್ಣ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಗಂಟಿನಲ್ಲಿ ರೇಜರು ಇಲ್ಲ, ಹುಡುಕಬೇಡಿ! ಅತ್ತೆ ಸೂಲಗಿತ್ತಿ ಮಾದೇವಿಯನ್ನು ಕರೆಸಿದ್ದರು. ಅವಳು ನನ್ನ ನಾಡಿ ಹಿಡಿದು, ಏನೇನೋ ಕೇಳಿ, "ಹೌದ್ರಾ ಅಮ್ಮ, ಎರ್ಡ್ನೇ ತಿಂಗ್ಳು" ಎಂದಳು. ನನಗೂ ಅನುಮಾನವಿತ್ತು, ಹೇಳಲು ನಾಚಿಕೆಯಾಗಿತ್ತು. ಅತ್ತೆ ನೆಟ್ಟಗೆ ಬಂದು ಗಂಟು ಬಿಚ್ಚಿ ರೇಜರು ತೆಗೆದುಕೊಂಡರು. "ಅವಂಗೆ ಬರಿ, ಇನ್ನು ಮುಖಕ್ಕೆ ಬ್ಲೇಡು ತಾಗ್ಸಡ ಹೇಳಿ." ಬಸುರಿಯ ಗಂಡ ಕ್ಷೌರ ಮಾಡಿಸಬಾರದು ಎಂಬುದು ನಿಮ್ಮ ಮನೆಯ ಕ್ರಮವಂತೆ. ಮಾವನವರು ಅಷ್ಟು ತಿಂಗಳು ಗಡ್ಡ ಬಿಟ್ಟದ್ದು ನಿಮಗಾಗಿಯಂತೆ! ಈ ಕಾಗದ ಸಿಕ್ಕ ಕೂಡಲೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಕಾರಣ ಹೇಳಿ, ಸೋಮವಾರ ಗಡ್ಡದಲ್ಲೇ ನಿಂತು ಪಾಠ ಮಾಡಿ. ಮಕ್ಕಳು ನಕ್ಕರೆ ನೀವೂ ನಗಿ. ಆದರೆ ಪಾಠ ಗೆದ್ದು ಬನ್ನಿ, ಈಗ ಕಾಯುತ್ತಿರುವವಳು ನಾನೊಬ್ಬಳೇ ಅಲ್ಲ. ರೇಜರನ್ನು ಈ ಸಲ ತೊಳೆದು, ಒರೆಸಿ, ಎಣ್ಣೆ ಹಾಕಿಯೇ ಎತ್ತಿಟ್ಟಿದ್ದೇವೆ. ಮಗುವಿಗೆ ಹೆಸರಿಡುವ ದಿನ ನಾನೇ ನಿಮ್ಮ ಕೈಗೆ ಕೊಡುತ್ತೇನೆ.