ಖಾಲಿ ಡಿಶ್‌ನಲ್ಲೂ ಚಿಗುರು

ಮಾರ್ಚ್ 4
ಎಂದಿನಂತೆ ಬೆಳಗ್ಗೆ ಲ್ಯಾಬ್‌ನ ಇನ್‌ಕ್ಯುಬೇಟರ್ ತೆರೆದೆ. ನರ ಬೆಳೆಸುವ ಪ್ರೋಟೀನ್, ಅಂದರೆ ಗ್ರೋತ್ ಫ್ಯಾಕ್ಟರ್ ಹಾಕಿದ ಡಿಶ್‌ನಲ್ಲಿ ನರಕೋಶಗಳು ಉದ್ದುದ್ದ ಎಳೆ ಚಾಚಿವೆ. ಹಾಕದ ಡಿಶ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ! ಕೈತಪ್ಪಿ ಇದಕ್ಕೂ ಫ್ಯಾಕ್ಟರ್ ಬಿದ್ದಿರಬೇಕು. ಆ ಡಿಶ್ ಬಿಸಾಡಿದೆ.

ಮೊದಲನೆಯದರ ಫೋಟೋ ಅಪ್ಪನಿಗೆ ಕಳಿಸಿದೆ. ಟೈಲರ್ ಮನುಷ್ಯ. ಗಾಜು ತಗುಲಿ ಮಣಿಕಟ್ಟಿನ ನರ ತುಂಡಾದಾಗಿನಿಂದ ಕತ್ತರಿ ಹಿಡಿಯಲಾಗದೆ ಮನೆಯಲ್ಲೇ ಕೂತಿದ್ದಾರೆ, ಪಾಪ. ಕೂಡಲೇ ಫೋನ್ ಮಾಡಿದರು.

"ಇದು ನೀನೇ ಬೆಳೆಸಿದ್ದಾ?"

"ಹ್ಞೂಂ ಅಪ್ಪಾ. ನಿಮ್ಮ ನರಾನೂ ಹೀಗೇ ಬೆಳೆಯುತ್ತೆ, ನೋಡ್ತಿರಿ."

ಜಂಬ ಕೊಂಚ ಜಾಸ್ತಿಯಾಯಿತು. ಆಗಲಿ.

ಮಾರ್ಚ್ 9
ಲ್ಯಾಬ್ ಮೀಟಿಂಗ್. ನನ್ನ ಪಿಎಚ್‌ಡಿ ಗೈಡ್ ಎಲ್ಲರೆದುರು ಬೆನ್ನು ತಟ್ಟಿದರು. ಕಾಲು ನೆಲದ ಮೇಲಿರಲಿಲ್ಲ. ಪಕ್ಕದ ಬೆಂಚಿನ ಸೋಡಾಬುಡ್ಡಿ ಮಾತ್ರ ಕೇಳಿದ — "ಫ್ಯಾಕ್ಟರ್ ಹಾಕದ ಡಿಶ್ ಎಲ್ಲಿ ಹೋಯ್ತಮ್ಮಾ?"

"ಕೆಟ್ಟುಹೋಯ್ತು" ಅಂದೆ. ಸುಳ್ಳೇನಲ್ಲ… ಸುಳ್ಳೇ.

ಮಾರ್ಚ್ 20
ಮತ್ತೆ ಮಾಡಿದೆ. ಮತ್ತೆ ಎರಡೂ ಚಿಗುರಿದವು. ಆಗ ಕೋಶಗಳಿಗೆ ಹಾಕುವ ಪೋಷಕ ದ್ರವದ ಬಾಟಲಿ ತಿರುಗಿಸಿ ನೋಡಿದೆ. ಸೀರಮ್, ಅಂದರೆ ರಕ್ತದ ತಿಳಿ, ಬೆರೆಸಿದ ಮೀಡಿಯಾ! ಸೀರಮ್‌ನಲ್ಲೇ ಗ್ರೋತ್ ಫ್ಯಾಕ್ಟರ್‌ಗಳಿರುತ್ತವೆ. ನನ್ನದು ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಕೋಶ ಅಂಟಿಕೊಂಡ ಮೇಲೆ ಸೀರಮ್ ಇಲ್ಲದ್ದಕ್ಕೆ ಬದಲಾಯಿಸಬೇಕಿತ್ತು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ತಲೆ ತಗ್ಗಿಸಿಕೊಂಡೇ ಮನೆಗೆ ಬಂದೆ.

ಮಾರ್ಚ್ 21, ಸಂಜೆ
ಗೈಡ್‌ಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ಆ ಡಿಶ್ ಬಿಸಾಡುವಾಗ ಅನುಮಾನ ಬರಲಿಲ್ವಾ?" ಅಂದರು. ಬಂದಿತ್ತು.

ಹೊರಗೆ ಬಂದರೆ ಅಮ್ಮನ ಫೋನು.

"ನಿಮ್ಮಪ್ಪ ಆಪರೇಷನ್ನೇ ಬೇಡ ಅಂದ್ಬಿಟ್ರು ಕಣೆ. ಕಾಲಿನ ನರ ತೆಗೆದು ಕೈಗೆ ಕಸಿ ಮಾಡ್ತಾರಲ್ಲ, ಅದು. ಮಗಳು ಔಷಧಿ ಕಂಡುಹಿಡಿದಿದ್ದಾಳೆ, ಸುಮ್ನೆ ಕಾಲ್ಯಾಕೆ ಕುಯ್ಸ್ಕೊಳ್ಳಲಿ ಅಂತಾರೆ. ತಡ ಆದ್ರೆ ಕೈ ಬರಲ್ಲ ಅಂತ ಡಾಕ್ಟ್ರು ರೇಗಿದ್ರು. ನೀನೇ ಹೇಳೆ."

ಡಾಕ್ಟರ್ ಹೇಳಿದ್ದು ಸರಿ. ನರ ತಲುಪುವುದು ತಡವಾದರೆ ಸ್ನಾಯು ಸೊರಗಿಹೋಗುತ್ತದೆ. ಗೊತ್ತಿದ್ದೂ ಬೊಗಳೆ ಬಿಟ್ಟೆ. ನಾಚಿಕೆಯಿಂದ ಸತ್ತೇಹೋದೆ.

ಮಾರ್ಚ್ 24
ಮೂರು ದಿನ ಫೋನ್ ಮಾಡುವ ಧೈರ್ಯವಿರಲಿಲ್ಲ. ಇವತ್ತು ಮಾಡಿದೆ.

"ಅಪ್ಪಾ, ಅಂಥ ಔಷಧಿ ಇಲ್ಲ. ನಂದೇ ತಪ್ಪು. ಆಪರೇಷನ್ ಮಾಡಿಸ್ಕೊಳ್ಳಿ."



"ನಿಮ್ಮ ಮೇಷ್ಟ್ರು ಬೈದ್ರಾ ಮಗಾ? ಬಿಡು, ಬೇಜಾರು ಮಾಡ್ಕೋಬೇಡ. ಇನ್ನೊಂದ್ಸಲ ಮಾಡು. ನಾನೆಲ್ಲಿ ಹೋಗ್ತೀನಿ, ಕಾಯ್ತೀನಿ."

ಕಾಯಬೇಡಿ ಅಂದೆ. ಅಳುತ್ತಲೇ ಅಂದೆ. ಅವರು ಆಪರೇಷನ್ ಮಾತೇ ಎತ್ತದೆ, ನನ್ನನ್ನೇ ಸಮಾಧಾನ ಮಾಡಿ ಫೋನ್ ಇಟ್ಟರು. ಬೆಳಗಿನ ಬಸ್ಸಿಗೆ ಹೊರಡಬೇಕು. ಎದುರು ಕೂತು, ಆ ಕೈ ಹಿಡಿದು ಆಪರೇಷನ್‌ಗೆ ಒಪ್ಪಿಸಬೇಕು.